ತೊಂಬತ್ತೇಳರವರಿಗೆ ತಾಳೆ ತೋಟದ ಮದುಮಗಳ ಅಹವಾಲು

ಮಾನ್ಯರೇ,

ಹಸಿರು ಪೈಪಿನ ಒಡೆಯರೂ, ಪಕ್ಕದ ಹಳದಿ ಪೈಪಿನಲ್ಲಿ ಊರವರಿಗೆಲ್ಲ ಹರಿಯುವ ತೊಂಬತ್ತೈದಕ್ಕಿಂತ ಎರಡು ಮೆಟ್ಟಿಲು ಮೇಲೆ ಆಸೀನರೂ ಆದ ತೊಂಬತ್ತೇಳು ಆಕ್ಟೇನ್ ಪೆಟ್ರೋಲಿನವರ ಸನ್ನಿಧಿಗೆ, ತೆಲುಕ್ ಇಂತಾನ್ ಊರಿನ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವ ಹಸ್ಲಿಂದಾ ಎಂಬ ನಾನು, ತಾವು ಆವಿಯಾಗದೆ ಕ್ಷೇಮವಾಗಿದ್ದೀರೆಂದು ನಂಬಿ, ವಿನಯದಿಂದ ಬರೆದುಕೊಳ್ಳುವುದೇನೆಂದರೆ, ನನ್ನ ಮದುವೆಗೆ ತಾವು ಬರಲಿಲ್ಲ. ತಮಗಾಗಿ ಕಾದು ಮದುಮಗನೂ ಬರಲಿಲ್ಲ.

ಇದರಲ್ಲಿ ತಮ್ಮ ತಪ್ಪೇನೂ ಇಲ್ಲ. ತಪ್ಪೆಲ್ಲ ತಮ್ಮ ಪರಮ ಭಕ್ತರದು. ಅವರು ನನ್ನ ಗಂಡ ಸಫ್ವಾನರ ದೊಡ್ಡಪ್ಪ, ಸಿತಿಯವಾನ್ ಊರಿನ ಕಮರುಲ್ ಅವರು. ಸಂತೆಗೂ ಮಸೀದಿಗೂ ಬಿಟ್ಟರೆ ಬೇರೆಲ್ಲೂ ಹೋಗದ ಅವರ ಪುಟ್ಟ ಬಿಳಿ ಕಾರಿಗೆ ತಮ್ಮನ್ನಲ್ಲದೆ ಬೇರೊಂದು ಹನಿಯನ್ನು ಅವರು ಕುಡಿಸಿದವರಲ್ಲ. ತಾವು ಒಳಗಿಳಿದರೆ ಎಂಜಿನ್ ಬೆಣ್ಣೆಯಾಗುತ್ತದೆ, ಕಾರು ಹತ್ತು ವರ್ಷ ಎಳೆಯದಾಗುತ್ತದೆ ಎಂಬುದು ಅವರ ಅಚಲ ನಂಬಿಕೆ. ನಿಶ್ಚಿತಾರ್ಥದ ಊಟದಲ್ಲಿ ನಾನು, ಕಲಿಸುವವರಿಗಿರುವ ಕೆಟ್ಟ ಚಟದಿಂದ, ತೊಂಬತ್ತೇಳರಲ್ಲಿ ಹೆಚ್ಚಿನ ಕಸುವೇನೂ ಇಲ್ಲವೆಂದೂ, ಎಷ್ಟು ಒತ್ತಿದರೂ ಹೊತ್ತಿಗೆ ಮೊದಲೇ ಹೊತ್ತಿಕೊಳ್ಳದ ತಾಳ್ಮೆ ಮಾತ್ರ ಹೆಚ್ಚೆಂದೂ, ಆ ತಾಳ್ಮೆ ಬೇಕಾಗುವುದು ಜೋರಾಗಿ ಒತ್ತುವ ದೊಡ್ಡ ಎಂಜಿನ್‌ಗಳಿಗೆಂದೂ, ಅವರ ಕಾರಿನ ಪೆಟ್ರೋಲ್ ಮುಚ್ಚಳದ ಒಳಗೇ ‘ತೊಂಬತ್ತೈದು ಸಾಕು’ ಎಂದು ಅಚ್ಚಾಗಿದೆಯೆಂದೂ ಹೇಳಿಬಿಟ್ಟೆ. ದೊಡ್ಡ ಮಾವ ರೆಂದಾಂಗ್ ಮಾಂಸದ ತುಂಡನ್ನು ತಟ್ಟೆಗೆ ಇಳಿಸಿ ನಕ್ಕರು.

“ನೋಡಮ್ಮಾ, ಪುಸ್ತಕದ ಎಂಜಿನ್ ಬೇರೆ, ರಸ್ತೆ ಎಂಜಿನ್ ಬೇರೆ. ‘ಸಾಕು’ ಅಂತ ಬರ್ದಿದಾರೆ, ‘ಚೆನ್ನಾಗಿರತ್ತೆ’ ಅಂತ ಬರ್ದಿದಾರಾ?”

ತಮ್ಮ ಪರವಾಗಿ ಇಷ್ಟು ಸೊಗಸಾದ ವಾದವನ್ನು ತಮ್ಮ ಜಾಹೀರಾತಿನವರೂ ಮಾಡಿಲ್ಲ.

ಮದುವೆಯ ದಿನ ಮದುಮಗನನ್ನು ಆ ಬಿಳಿ ಕಾರಿನಲ್ಲೇ ಕರೆತರುವುದಾಗಿ ದೊಡ್ಡ ಮಾವ ಹಟ ಹಿಡಿದರು. ಕಾರಿಗೆ ರಿಬ್ಬನ್ ಕಟ್ಟಿ, ಗಾಜು ಉಜ್ಜಿ, ಎಲ್ಲವನ್ನೂ ಮಾಡಿದವರು ಟ್ಯಾಂಕನ್ನು ಮಾತ್ರ ದಾರಿಯಲ್ಲಿ ತುಂಬಿಸೋಣವೆಂದುಕೊಂಡರು. ಮೊದಲ ಬಂಕಿನಲ್ಲಿ ತಮ್ಮ ಹಸಿರು ಪೈಪಿನ ಮೂತಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಶಾಲೆಗೆ ರಜೆ, ಊರೆಲ್ಲ ರಸ್ತೆಯಲ್ಲಿ, ತಾವು ಖಾಲಿ.

“ದೊಡ್ಡಪ್ಪಾ, ಹಳದಿದೇ ಒಂಚೂರು ಹಾಕ್ಸಿಬಿಡಿ, ಮುಳ್ಳು ತಳ ಮುಟ್ತಿದೆ,” ಅಂದರಂತೆ ಸಫ್ವಾನ್.

“ಮದುವೆ ಗಂಡನ್ನ ಕೂರಿಸ್ಕೊಂಡು ತೊಂಬತ್ತೈದು ಹಾಕ್ಸೋದಾ? ಹೆಣ್ಣಿನ ಕಡೆಯವರು ಮೂಸಿ ನೋಡಿದ್ರೆ?”

ಹೀಗೆ ದಿಬ್ಬಣದ ಮಿಕ್ಕ ಕಾರುಗಳನ್ನು ಮುಂದೆ ಕಳಿಸಿ, ತಮ್ಮನ್ನು ಅರಸುತ್ತ ದೊಡ್ಡ ಮಾವ ಒಳದಾರಿ ಹಿಡಿದರು. ಅಲ್ಲಿಯ ಬಂಕಿನಲ್ಲಿಯೂ ತಾವಿರಲಿಲ್ಲ. ಆಮೇಲೆ ಬಂಕೇ ಇರಲಿಲ್ಲ. ಕಣ್ಣು ಹಾಯ್ದಷ್ಟೂ ಎಣ್ಣೆತಾಳೆಯ ತೋಟ. ಅದರ ನಟ್ಟನಡುವೆ ಕಾರು ಕೆಮ್ಮಿ ಕಣ್ಣು ಮುಚ್ಚಿತು.

ಇತ್ತ ನಮ್ಮ ಮನೆಯ ಚಪ್ಪರಕ್ಕೆ ಗಂಡಿನ ಕಡೆಯವರು ಹೂವಿನ ತಟ್ಟೆಗಳೊಂದಿಗೆ ಬಂದಿಳಿದರು, ಕೊಂಪಾಂಗ್ ತಮಟೆ ಮೊಳಗಿತು, ಮದುಮಗ ಮಾತ್ರ ಇಲ್ಲ. ಅಮ್ಮ ಎಲ್ಲರ ಮುಖ ನೋಡಿ, “ಗಂಡೆಲ್ಲಿ?” ಅಂದಳು. “ಪೆಟ್ರೋಲ್ ಹುಡುಕ್ತಿದಾನೆ” ಅಂತ ಯಾರೋ ಹೇಳಿದರು. ಸಾವಿರ ಮದುವೆ ಕಂಡ ನಮ್ಮ ಓಣಿಯಲ್ಲಿ ಈ ಉತ್ತರ ಹೊಸದು. ನಿಕಾಹ್ ಮಾಡಿಸಬೇಕಾದ ಕಾಜಿಗಳು ಗಡಿಯಾರ ನೋಡಿಕೊಂಡರು. ಅವರಿಗೆ ಅದೇ ದಿನ ಸಿತಿಯವಾನ್ ಕಡೆ ಇನ್ನೊಂದು ಮದುವೆಯಿತ್ತು. ಅವರು ಹೊರಟರೆ ನನ್ನ ಮದುವೆ ಆ ದಿನ ಇಲ್ಲ.

ನನ್ನ ಫೋನು ಮೊಳಗಿತು. ಸಫ್ವಾನ್.

“ಎಲ್ಲಿದೀರಾ?”

“ತಾಳೆ ತೋಟದಲ್ಲಿ. ನಗ್ಬೇಡಿ.”

“ನಗ್ತಿಲ್ಲ. ಅಳ್ತಿದೀನಿ, ಹಾಗೆ ಕೇಳ್ಸತ್ತೆ ಅಷ್ಟೆ.”

ಮಾನ್ಯರೇ, ನಿಜವಾಗಿ ನಾನು ಎರಡನ್ನೂ ಒಟ್ಟಿಗೆ ಮಾಡುತ್ತಿದ್ದೆ. ಕೈಗೆ ಗೋರಂಟಿ, ತಲೆಗೆ ಕಿರೀಟ, ಕೂತು ಕಾಯುವುದೊಂದೇ ನನ್ನ ಕೆಲಸವೆಂದು ಎಲ್ಲರೂ ಹೇಳಿದ್ದರು. ಕಾಯಲಾಗಲಿಲ್ಲ. ಹಿತ್ತಿಲಿನಿಂದ ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲ್ ಡಬ್ಬಿ ಎತ್ತಿಕೊಂಡು ಅಪ್ಪನ ವ್ಯಾನು ಹತ್ತಿದೆ. ಅಪ್ಪ ತಡೆಯುತ್ತಾನೆಂದುಕೊಂಡರೆ, ಅವನು ಸ್ಟಿಯರಿಂಗ್ ಮುಂದೆ ಕೂತ. ಕಾಜಿಗಳು ಒಂದು ಗಳಿಗೆ ಯೋಚಿಸಿ, “ನಂಗೂ ಅದೇ ದಾರಿ” ಎನ್ನುತ್ತ ಹಿಂದಿನ ಸೀಟಿಗೆ ಬಂದರು. ಸಾಕ್ಷಿಗಳು ಬಂದರು. ಜಾಗವಿಲ್ಲದವರು ತಮ್ಮ ತಮ್ಮ ಕಾರು ಹತ್ತಿದರು. ತಮಟೆಯವರು, ದುಡ್ಡು ತೆಗೆದುಕೊಂಡ ಮೇಲೆ ಬಾರಿಸಲೇಬೇಕೆಂದು, ಬಾರಿಸುತ್ತಲೇ ಬಂದರು. ಮದುಮಗಳ ದಿಬ್ಬಣವೇ ಮದುಮಗನ ಕಡೆ ಹೊರಟಿತು.

ತೋಟದ ಕೆಲಸಗಾರರ ಪುಟ್ಟ ನಮಾಜಿನ ಮನೆಯ ಮುಂದೆ ಜರಿಯ ಪೋಷಾಕಿನಲ್ಲಿ ಸಫ್ವಾನ್ ಬೆವರುತ್ತ ನಿಂತಿದ್ದರು. ಅಲ್ಲೇ ಚಾಪೆ ಹಾಸಿದರು, ಅಪ್ಪ ಸಫ್ವಾನರ ಕೈ ಹಿಡಿದ, ಕಾಜಿಗಳು ಓದಿಸಿದರು, ಸಾಕ್ಷಿಗಳು ಸರಿ ಎಂದರು. ತಾಳೆ ಗೊನೆ ಹೊತ್ತ ಹೆಂಗಸರು ಬುಟ್ಟಿ ಇಳಿಸಿ ನನ್ನನ್ನು ಹರಸಿದರು. ಅಷ್ಟು ಚಂದದ ಚಪ್ಪರವನ್ನು ಯಾವ ಅಲಂಕಾರದವನೂ ಕಟ್ಟಲಾರ.

ಆಮೇಲೆ ಡಬ್ಬಿಯ ಸರದಿ. ದೊಡ್ಡ ಮಾವ ಕಾರಿನ ಮುಚ್ಚಳಕ್ಕೆ ಅಡ್ಡ ನಿಂತರು.

“ಇದ್ಯಾವ್ದಮ್ಮಾ?”

“ತೊಂಬತ್ತೈದು, ದೊಡ್ಡ ಮಾವ. ಹುಲ್ಲು ಮಷೀನಿಂದು.”

ವ್ಯಾನಿನತ್ತ ಹೊರಟಿದ್ದ ಕಾಜಿಗಳು ತಿರುಗಿ, “ಸುರೀರಿ ಸಾಹೇಬ್ರೇ, ಇದು ಹರಾಮಲ್ಲ” ಅಂದರು. ದೊಡ್ಡ ಮಾವ ಕಣ್ಣು ಮುಚ್ಚಿ ಸುರಿದರು. ಅವರ ರೆಪ್ಪೆ ಒದ್ದೆಯಾಗಿದ್ದುದನ್ನು ಕಂಡು ನಾನು ನಗು ಬಿಟ್ಟು ಡಬ್ಬಿಗೆ ಕೈ ಕೊಟ್ಟೆ. ಆ ಮನುಷ್ಯ ಪ್ರೀತಿಸುವುದನ್ನು ಹಾಗೆಯೇ ಕಲಿತಿದ್ದರು: ಎಲ್ಲಕ್ಕಿಂತ ಮೇಲಿನದನ್ನು ತಂದು ಕೊಡುವುದು.

ಕಾರು ತಕ್ಷಣ ಎದ್ದಿತು. ನಾವಿಬ್ಬರೂ ಹಿಂದೆ ಕೂತೆವು. ಪೆರಾಕ್ ನದಿಯ ಸೇತುವೆಯ ಏರಿನಲ್ಲಿ ದೊಡ್ಡ ಮಾವ ಕಿವಿಯನ್ನು ಎಂಜಿನ್ನಿನತ್ತ ವಾಲಿಸಿದರು. ನರಳಿಕೆ ಕೇಳಲಿಲ್ಲ, ಕೆಮ್ಮು ಕೇಳಲಿಲ್ಲ, ಕಾರು ಎಂದಿನಂತೆ ಏರಿತು.

“ನೋಡಿದ್ರಾ,” ಅಂದರು, “ತಳದಲ್ಲಿ ಉಳ್ದಿರೋ ನಾಕು ಹನಿ ತೊಂಬತ್ತೇಳು ಹೇಗೆ ಎಲ್ಲಾನೂ ಸಂಭಾಳಿಸ್ತಿದೆ.”

ಸಫ್ವಾನ್ ನನ್ನ ಕೈ ಹಿಂಡಿದರು. ನಾನು ರಸಾಯನಶಾಸ್ತ್ರವನ್ನು ಕಿಟಕಿಯಿಂದಾಚೆ ಬಿಟ್ಟು, “ಹೌದು ದೊಡ್ಡ ಮಾವ” ಅಂದೆ.

ಆದ್ದರಿಂದ ಮಾನ್ಯರಲ್ಲಿ ನನ್ನ ಕೋರಿಕೆ ಇಷ್ಟೆ. ಇನ್ನು ಮೇಲೆ ಖಾಲಿಯಾಗುವ ಮುನ್ನ ಹತ್ತಿರದ ಮದುವೆಗಳ ಮುಹೂರ್ತ ವಿಚಾರಿಸಿಕೊಳ್ಳಬೇಕು. ತಮ್ಮನ್ನು ನಿಜವಾಗಿ ಬೇಡುವ ದೊಡ್ಡ ಎಂಜಿನ್‌ಗಳ ಹೊಟ್ಟೆಯಲ್ಲಿ ತಾವು ಧಾರಾಳವಾಗಿ ಬೆಳಗಬೇಕು. ಸಂತೆಗೆ ಹೋಗಿಬರುವ ಪುಟ್ಟ ಕಾರುಗಳ ಮಾಲೀಕರ ಕನಸಿನಲ್ಲೊಮ್ಮೆ ಕಾಣಿಸಿಕೊಂಡು, “ನಾನು ನಿಮಗೆ ಬೇಕಿಲ್ಲ” ಎಂದು ಸ್ವತಃ ಹೇಳಬೇಕು. ನಾವು ಹೇಳಿದರೆ ಕೇಳುವುದಿಲ್ಲ.

ತಮ್ಮಿಂದಾಗಿ ಊರು ಮರೆಯದ ಮದುವೆ ಮಾಡಿಕೊಂಡ,
ತಮ್ಮ ವಿಶ್ವಾಸಿ,
ಹಸ್ಲಿಂದಾ

ವಿ.ಸೂ.: ನೊಂದುಕೊಳ್ಳಬೇಡಿ, ಬೇರೆಯವರಿಂದ ತಿಳಿಯುವುದಕ್ಕಿಂತ ನನ್ನಿಂದಲೇ ತಿಳಿಯಲಿ. ಹೆದ್ದಾರಿಯ ಹೊಸ ಬಂಕಿಗೆ ಕೆಂಪು ಪೈಪಿನಲ್ಲಿ ‘ನೂರು’ ಎಂಬುವರು ಬಂದಿದ್ದಾರೆ. ಮೊನ್ನೆ ದೊಡ್ಡ ಮಾವ ಅವರ ಮುಂದೆ ಕಾರು ನಿಲ್ಲಿಸಿ, ಟೊಪ್ಪಿ ಸರಿಮಾಡಿಕೊಂಡು, ತಮ್ಮ ಬಗ್ಗೆ ನನ್ನ ಬಳಿ ಹೇಳಿದ್ದು: “ತೊಂಬತ್ತೇಳಾ? ಪರ್ವಾಗಿಲ್ಲ ಬಿಡಮ್ಮಾ. ಅದೂ ಸಾಕಾಗತ್ತೆ.”