ಕ್ಷಮೆ ವಾಪಸಾತಿ

ಕೆಂಪಾಪುರದ ಸುಕೃತ ಹೈಟ್ಸ್ ನಿವಾಸಿಗಳ ಸಂಘದ ವ್ಯಾಪ್ತಿಯಲ್ಲಿ ಯಾವುದು ತಪ್ಪು ಎಂಬುದನ್ನು ಸರ್ವಸದಸ್ಯರ ಸಭೆಯೇ ತೀರ್ಮಾನಿಸತಕ್ಕದ್ದು; ಅಲ್ಲಿಯವರೆಗೆ ಯಾವುದೂ ತಪ್ಪಲ್ಲ.

ಈ ನಿಯಮ ಹುಟ್ಟಿದ್ದು ಒಂದು ಕಪಾಳಮೋಕ್ಷದಿಂದ. ಅಪಾರ್ಟ್‌ಮೆಂಟ್ ಕಟ್ಟಿಸಿ, ಅಲ್ಲೇ ವಾಸವಾಗಿರುವ ಬಿಲ್ಡರ್ ಚಿಕ್ಕಬೈರಪ್ಪನವರು, ಗೇಟ್ ತೆಗೆಯುವುದು ತಡವಾಯಿತೆಂದು ವಾಚ್‌ಮನ್ ಮುನೇಶನ ಕೆನ್ನೆಗೆ ಬಾರಿಸಿದರು. ಮುನೇಶ ದೂರು ಕೊಟ್ಟ. ಸಂಘದ ಅಧ್ಯಕ್ಷ, ನಿವೃತ್ತ ತತ್ವಶಾಸ್ತ್ರ ಪ್ರಾಧ್ಯಾಪಕ ನಾಗಭೂಷಣ ಸಿಸಿಟಿವಿ ದೃಶ್ಯವನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡಿದರು.

"ಕೈ ಕಾಣ್ತಿದೆ, ಕೆನ್ನೆ ಕಾಣ್ತಿದೆ. ತಪ್ಪು ಎಲ್ಲಪ್ಪಾ ಕಾಣ್ತಿದೆ?"

"ನೋವಾಯ್ತು ಸಾರ್."

"ನೋವಿದೆ, ಒಪ್ಪಿದೆ. ಆದ್ರೆ ತಪ್ಪು ಅನ್ನೋದು ಜಗತ್ತಲ್ಲಿ ಎಲ್ಲೂ ಬಿದ್ದಿರಲ್ಲ ಕಣಯ್ಯಾ. ನಾವೆಲ್ಲ ಕೂತು ತಪ್ಪು ಅಂದ್ರೆ ತಪ್ಪು. ಅಂದ್ಮೇಲೆ ಅದು ನಿಜವಾಗ್ಲೂ ತಪ್ಪು."

ಸಭೆ ಸೇರಿತು. ಹೊಸ ಜನರೇಟರ್ ಹಾಕಿಸಿಕೊಡಲು ಚಿಕ್ಕಬೈರಪ್ಪನವರು ಅಂದೇ ಒಪ್ಪಿದ್ದರಿಂದ, ಹೊಡೆದದ್ದು ತಪ್ಪಲ್ಲವೆಂದು ಸದಸ್ಯರು ಕೈಯೆತ್ತಿ ತೀರ್ಮಾನಿಸಿದರು. ಮುನೇಶನಿಗೆ ಮತವಿರಲಿಲ್ಲ, ಟೀ ಹಂಚಿದ.

ಅಡಚಣೆ ತಂದವರು ಚಿಕ್ಕಬೈರಪ್ಪನವರ ತಾಯಿ ಮುನಿಕೆಂಪಮ್ಮ. ಮಾರನೆಯ ದಿನ ಮುನೇಶನ ಊದಿದ ಕೆನ್ನೆ ಕಂಡು ಮಗನನ್ನು ಗೇಟಿಗೇ ಕರೆಸಿದರು.

"ಯಾಕ್ಲಾ ಒಡ್ದೆ?"

"ಮೀಟಿಂಗಲ್ಲಿ ತಪ್ಪಲ್ಲ ಅಂತ ಆಗೈತೆ ಕಣವ್ವಾ."

"ಮೀಟಿಂಗ್ ಯಾವೋನಿಗ್ ಬೇಕು? ಅವನ್ ಮೊಖ ನೋಡ್ಲಾ."

ಚಿಕ್ಕಬೈರಪ್ಪ ನೋಡಿದರು. ಸುಮಾರು ಹೊತ್ತು ನೋಡಿದರು. ಆಮೇಲೆ ಕೈಮುಗಿದು, "ತಪ್ಪಾಯ್ತು ಕಣಪ್ಪಾ" ಎಂದರು. ಮುನೇಶ ಅತ್ತುಬಿಟ್ಟ.

ಇದು ಗಂಭೀರ ಉಲ್ಲಂಘನೆ. ಅಸ್ತಿತ್ವದಲ್ಲಿಲ್ಲದ ತಪ್ಪಿಗೆ ಕ್ಷಮಾಪಣೆ ಸ್ವೀಕರಿಸಿದ್ದಕ್ಕಾಗಿ ಮುನೇಶನಿಗೆ ನೋಟಿಸ್ ಜಾರಿಯಾಯಿತು: ಸದರಿ ಕ್ಷಮೆಯನ್ನು ಸದಸ್ಯರ ಸಮಕ್ಷಮ ಹಿಂತಿರುಗಿಸುವುದು, ತಪ್ಪಿದಲ್ಲಿ ಕೆಲಸದಿಂದ ವಜಾ.

ಭಾನುವಾರ ಎಲ್ಲರೂ ಗೇಟಿನ ಬಳಿ ನೆರೆದರು. ಮುನೇಶ ಬೊಗಸೆ ಚಾಚಿ, "ತಗೊಳ್ಳಿ ಸಾರ್, ನಿಮ್ ಕ್ಷಮೆ" ಎಂದ.

ಚಿಕ್ಕಬೈರಪ್ಪ ತಾಯಿಯ ಮುಖ ನೋಡಿದರು.

"ಈಸ್ಕೊಳ್ಲಾ" ಎಂದರು ಮುನಿಕೆಂಪಮ್ಮ, ಸಣ್ಣ ದನಿಯಲ್ಲಿ. "ಇಲ್ದಿದ್ರೆ ಅವನ್ ಕೆಲ್ಸ ಓಯ್ತದೆ."

ಚಿಕ್ಕಬೈರಪ್ಪ ಎರಡೂ ಕೈಯಲ್ಲಿ ಈಸಿಕೊಂಡರು. ಎಲ್ಲಿಡುವುದೆಂದು ತಿಳಿಯದೆ ಅಂಗಿಯ ಜೇಬಿಗೆ ಹಾಕಿಕೊಂಡರು.

ಅಧ್ಯಕ್ಷರು ಕನ್ನಡಕ ಏರಿಸಿ, ಮುನೇಶನ ಬೊಗಸೆಯನ್ನು ಖುದ್ದಾಗಿ ಪರಿಶೀಲಿಸಿ, ಏನೂ ಉಳಿದಿಲ್ಲವೆಂದು ಘೋಷಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುನೇಶನೂ ತಟ್ಟಿದ.