ನಿಂತ ಕಾರಿನಲ್ಲಿ ಊಟ

ಮದುವೆಯಾದ ಗಂಡಸು ಹೆಂಡತಿಯಿಂದ ಏನನ್ನೋ ಮುಚ್ಚಿಟ್ಟಿದ್ದಾನೆ ಎಂದರೆ ಜನ ಏನೇನೋ ಊಹಿಸಿಕೊಂಡು ಕಿವಿ ನಿಮಿರಿಸುತ್ತಾರೆ. ನನ್ನ ಗುಟ್ಟು ಅಷ್ಟು ರಸವತ್ತಾದದ್ದಲ್ಲ. ವಾಹನದಲ್ಲಿ ಸುಮ್ಮನೆ ಕೂತರೆ ನನಗೆ ವಾಂತಿ ಬರುತ್ತದೆ, ಅಷ್ಟೇ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದರೂ ಇದು ಶಾರದೆಗೆ ಗೊತ್ತಾಗದಂತೆ ನೋಡಿಕೊಂಡಿದ್ದೆ. ಹಾಸನದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು ನಾನು. ಬರೀ ಕನ್ನಡಕ ಸರಿಮಾಡಿಕೊಂಡರೆ ಸಾಕು, ಹಿಂದಿನ ಬೆಂಚು ತೆಪ್ಪಗಾಗುತ್ತದೆ. ಅಂಥವನು ಹೆಂಡತಿಯ ಮುಂದೆ ಇಂಥದ್ದನ್ನು ಒಪ್ಪಿಕೊಳ್ಳುವುದಾದರೂ ಹೇಗೆ ಹೇಳಿ!

ಚಿಕ್ಕಂದಿನಲ್ಲಿ ಚನ್ನರಾಯಪಟ್ಟಣದಿಂದ ಅಜ್ಜಿಯ ಊರು ಹೊಳೆನರಸೀಪುರಕ್ಕೆ ಬಸ್ಸು ಹತ್ತಿದರೆ, ಅಮ್ಮ ಮೊದಲು ಒಂದು ನಿಂಬೆಹಣ್ಣು ನನ್ನ ಕೈಗೆ ಕೊಡುತ್ತಿದ್ದಳು, ಆಮೇಲೆ ಟಿಕೆಟ್ ತೆಗೆಯುತ್ತಿದ್ದಳು. ಅದನ್ನು ಮೂಸುತ್ತಾ ಮೂಸುತ್ತಾ ಅರ್ಧ ದಾರಿಯವರೆಗೆ ಮರ್ಯಾದೆ ಉಳಿಸಿಕೊಳ್ಳುತ್ತಿದ್ದೆ. ದೊಡ್ಡವನಾದ ಮೇಲೆ ಒಂದು ಸತ್ಯ ಗೊತ್ತಾಯಿತು: ಓಡಿಸುವವನಿಗೆ ವಾಂತಿ ಬರುವುದಿಲ್ಲ. ಹಾಗಾಗಿ ಹೆಣ್ಣು ನೋಡಲು ಹಳೇಕೋಟೆಗೆ ಮನೆಮಂದಿಯೆಲ್ಲ ಕಾರಿನಲ್ಲಿ ಹೋದರೆ, ನಾನೊಬ್ಬ ಹಿಂದಿನಿಂದ ಬೈಕಿನಲ್ಲಿ ಹೋದೆ. ಹುಡುಗ ಬಹಳ ಸರಳ ಎಂದು ಮಾವನವರು ಮೆಚ್ಚಿಕೊಂಡರು. ಶಾಲೆಯ ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋದಾಗಲೂ ಅಷ್ಟೇ, ಇಡೀ ದಾರಿ ಡ್ರೈವರ್ ಪಕ್ಕದಲ್ಲಿ ನಿಂತೇ ಇದ್ದೆ. ನಮ್ಮ ಹೆಡ್ಮಾಸ್ಟರು ಅದನ್ನು ಕರ್ತವ್ಯಪ್ರಜ್ಞೆ ಎಂದು ಮೀಟಿಂಗಿನಲ್ಲಿ ಹೊಗಳಿದರು. ನಾನು ತಲೆ ತಗ್ಗಿಸಿದೆ. ಅದನ್ನವರು ವಿನಯ ಎಂದುಕೊಂಡರು.

ತೊಂದರೆ ಶುರುವಾದದ್ದು ಹೋದ ವರ್ಷ ಶಾರದೆ ಕಾರು ಕಲಿತು ಲೈಸೆನ್ಸ್ ತಂದಾಗ. ಅವಳು ಕೀ ಕೇಳಿದಾಗಲೆಲ್ಲ ನನಗೆ ರಸ್ತೆಯಲ್ಲಿ ಗುಂಡಿಗಳು ಕಾಣಿಸುತ್ತಿದ್ದವು, ಟ್ರಾಫಿಕ್ಕು ಜಾಸ್ತಿಯಾಗುತ್ತಿತ್ತು, ಬ್ರೇಕು ಯಾಕೋ ಸರಿಯಿಲ್ಲ ಅನ್ನಿಸುತ್ತಿತ್ತು. "ನಂಬಿಕೆ ಇಲ್ಲ ಅಂತ ನೇರವಾಗಿ ಹೇಳಿಬಿಡ್ರೀ" ಎಂದು ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು. ನಿಜವಾಗಿ ನನಗೆ ನಂಬಿಕೆ ಇಲ್ಲದಿದ್ದದ್ದು ಅವಳ ಕೈ ಮೇಲಲ್ಲ, ನನ್ನ ಹೊಟ್ಟೆಯ ಮೇಲೆ. ಆದರೂ ಬಾಯಿ ಬಿಡಲಿಲ್ಲ. ಹೆಂಡತಿಗೆ ನೋವಾದರೂ ಪರವಾಗಿಲ್ಲ, ನನ್ನ ಜಂಬ ಮಾತ್ರ ಮುಕ್ಕಾಗಬಾರದು ಎನ್ನುವಂಥ ಮನುಷ್ಯ ನಾನು.

ಇಂಥ ಹೊತ್ತಿನಲ್ಲಿ ರಾಗಿ ಬಂತು. ರಾಗಿ ಎಂದರೆ ನಾಯಿಮರಿ. ಮೈಬಣ್ಣ ನೋಡಿ ಇಟ್ಟ ಹೆಸರು. ಹಳೇಕೋಟೆಯ ನಮ್ಮತ್ತೆಯ ಮನೆಯಲ್ಲಿ ಹುಟ್ಟಿದ್ದನ್ನು ಬಾಮೈದ ಮಂಜ ಚೀಲದಲ್ಲಿಟ್ಟುಕೊಂಡು ಬೈಕಿನಲ್ಲಿ ತಂದುಕೊಟ್ಟಿದ್ದ. ಬೈಕಿನಲ್ಲಿ ತೆಪ್ಪಗೆ ಬಂದ ಮರಿ, ಇಂಜೆಕ್ಷನ್ನಿಗೆಂದು ಕಾರಿನಲ್ಲಿ ಕೂರಿಸಿದ ದಿನ ಗಡಗಡ ನಡುಗಿತು, ಜೊಲ್ಲು ಸುರಿಸಿತು, ಎರಡನೇ ತಿರುವಿನಲ್ಲಿ ಬೆಳಗಿನ ಹಾಲನ್ನೆಲ್ಲ ಗೇರಿನ ಮೇಲೆ ಕಕ್ಕಿತು. ಆಮೇಲೆ ಕಣ್ಣು ಮೇಲೆ ಮಾಡಿ ನನ್ನನ್ನೇ ನೋಡಿತು. ಐವತ್ತು ವರ್ಷದಲ್ಲಿ ನನ್ನ ಕಷ್ಟ ಅರ್ಥವಾಗುವ ಜೀವ ಮೊದಲ ಸಲ ನನ್ನ ಮನೆಗೆ ಬಂದಿತ್ತು.

ಶಾರದೆ ಮಾತ್ರ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಮುಂದಿನ ತಿಂಗಳು ಅರಕಲಗೂಡಲ್ಲಿ ಮಂಜನ ಹೊಸಮನೆ ಗೃಹಪ್ರವೇಶ. ಮೂರು ದಿನ ಮನೇಲಿ ಯಾರೂ ಇರಲ್ಲ. ಅಷ್ಟರೊಳಗೆ ಇದು ಕಾರಿಗೆ ಒಗ್ಗಿದರೆ ಸರಿ. ಇಲ್ಲದಿದ್ದರೆ ಬಂದ ಚೀಲದಲ್ಲೇ ವಾಪಸ್ ಹಳೇಕೋಟೆಗೆ." ಅವಳ ಮಾತಿನಲ್ಲಿ ಹುರುಳಿತ್ತು. ಆದರೆ ಸಂಜೆ ಸ್ಕೂಲಿನಿಂದ ಬಂದವನ ಬೂಟಿನ ಮೇಲೆ ತಲೆಯಿಟ್ಟು ಮಲಗುವ ಮರಿಯನ್ನು ಚೀಲಕ್ಕೆ ತುಂಬುವುದು ನನ್ನಿಂದ ಆಗದ ಕೆಲಸವಾಗಿತ್ತು.

ಮೊದಲು ನನಗೆ ಗೊತ್ತಿದ್ದ ಒಂದೇ ವೈದ್ಯ ಮಾಡಿದೆ: ರಾಗಿಯ ಮೂಗಿಗೆ ನಿಂಬೆಹಣ್ಣು ಹಿಡಿದೆ. ಅದು ನಾಲ್ಕು ಸಲ ಸೀನಿ, ಮಂಚದ ಕೆಳಗೆ ಸೇರಿಕೊಂಡು ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ. "ನಿಂಬೆಹಣ್ಣು ಮೂಸಿದ್ರೆ ನಿಲ್ಲುತ್ತೆ ಅಂತ ನಿಮಗ್ಯಾರು ಹೇಳಿದ್ರು?" ಎಂದು ಶಾರದೆ ಕೇಳಿದಳು. "ಸ್ಟಾಫ್ ರೂಮಲ್ಲಿ ಯಾರೋ ಹೇಳ್ತಿದ್ರು" ಎಂದು ತೇಲಿಸಿ, ಹಣ್ಣನ್ನು ಕಾರಿನ ಸೀಟಿನ ಹಿಂದಿನ ಜೇಬಿಗೆ ತುರುಕಿದೆ.

ಕೊನೆಗೆ ಅತ್ತೆಗೆ ಫೋನ್ ಮಾಡಿದೆ. ಅವರು ನಕ್ಕುಬಿಟ್ಟರು. "ಅಯ್ಯೋ ಅಳಿಯಂದ್ರೇ, ಒಸ ಎಮ್ಮೆ ತಂದ್ರೆ ನಾವೇನ್ ಮಾಡ್ತೀವಿ? ಕೊಟ್ಗೆ ಒಳಕ್ಕೆ ಬರಾಕಿಲ್ಲ ಅಂತದೆ. ಬಡಿಯಾಕಾಯ್ತದಾ? ಕೊಟ್ಗೆ ಒಳಗೇ ಮೇವಾಕ್ತೀವಿ. ಒಟ್ಟೆ ತುಂಬೋ ಜಾಗನ ಯಾವ್ ಪ್ರಾಣೀನೂ ಬುಟ್ಟೋಗಾಕಿಲ್ಲ. ಕಾರ್ ನಿಲ್ಸ್‌ಬುಟ್ಟು ಅದ್ರೊಳ್ಗೇ ಉಣ್ಣಾಕಿ. ನೀವೂ ಜೊತೇಲಿ ಕೂತ್ಕಳಿ."

ಅವತ್ತಿನಿಂದ ದಿನಾ ಸಂಜೆ ಮನೆಮುಂದೆ ನಿಂತ ಕಾರಿನ ಹಿಂದಿನ ಸೀಟಿನಲ್ಲಿ ರಾಗಿಗೆ ಹಾಲನ್ನ, ನನಗೆ ಒಂದು ತಟ್ಟೆ ಉಪ್ಪಿಟ್ಟು. ಎದುರುಮನೆಯ ರಂಗೇಗೌಡರು ಎರಡು ದಿನ ಸುಮ್ಮನೆ ನೋಡಿ, ಮೂರನೇ ದಿನ ಗ್ಲಾಸು ತಟ್ಟಿದರು. "ಸಾ, ಎಲ್ಲಿಗ್ ಒಂಟ್ರಿ?"

"ಎಲ್ಲಿಗೂ ಇಲ್ಲ ಗೌಡ್ರೇ. ಅಭ್ಯಾಸ ಮಾಡಿಸ್ತಾ ಇದ್ದೀನಿ."

ಗೌಡರು ನನ್ನ ತಟ್ಟೆ ನೋಡಿದರು, ಮನೆಯ ಬಾಗಿಲು ನೋಡಿದರು, ಧ್ವನಿ ತಗ್ಗಿಸಿ "ಸಂಸಾರ ಅಂದ್ಮ್ಯಾಕೆ ಬತ್ತದೆ ಓಯ್ತದೆ, ನೀವೇ ಒಸಿ ತಗ್ಗಿ ಓಗ್ಬುಡಿ ಸಾ" ಎಂದು ಸಮಾಧಾನ ಹೇಳಿ ಹೋದರು. ನಮ್ಮ ಬೀದಿಯಲ್ಲಿ ಮೇಷ್ಟ್ರನ್ನು ಹೆಂಡತಿ ಮನೆಯೊಳಗೆ ಸೇರಿಸುತ್ತಿಲ್ಲ ಎಂಬ ಸುದ್ದಿ ವಾರದೊಳಗೆ ಕೊನೆಮನೆ ಮುಟ್ಟಿತು. ನಾನು ಜಗ್ಗಲಿಲ್ಲ. ಎರಡನೇ ವಾರ ಇಂಜಿನ್ ಚಾಲೂ ಮಾಡಿಟ್ಟು ಉಣ್ಣಿಸಿದೆ. ಮೂರನೇ ವಾರದ ಹೊತ್ತಿಗೆ ಕಾರಿನ ಬಾಗಿಲು ತೆಗೆದರೆ ಸಾಕು, ರಾಗಿ ನನಗಿಂತ ಮುಂಚೆ ಹತ್ತಿ ಬಾಲ ಅಲ್ಲಾಡಿಸುತ್ತಿತ್ತು. ಇಷ್ಟು ಹೆಮ್ಮೆ ನನಗೆ ಯಾವ ವಿದ್ಯಾರ್ಥಿಯಿಂದಲೂ ಆಗಿರಲಿಲ್ಲ.

ಗೃಹಪ್ರವೇಶಕ್ಕೆ ಹೊರಟ ಬೆಳಿಗ್ಗೆ ರಾಗಿ ಟಣ್ಣನೆ ಹಿಂದಿನ ಸೀಟಿಗೆ ಹಾರಿ ಕೂತಿತು. ನಾನು ಠೀವಿಯಿಂದ ಮುಂದೆ ಹೋಗಿ ಸ್ಟೀರಿಂಗ್ ಹಿಡಿದೆ. ಶುರುವಾಯಿತು ನೋಡಿ ಊಳು! ಶಾರದೆ ಪಕ್ಕದಲ್ಲಿ ಕೂತರೂ ಊಳು, ಬಿಸ್ಕತ್ತು ಕೊಟ್ಟರೂ ಊಳು. ನಾನು ಇಳಿದು ಹಿಂದೆ ಹೋಗಿ ಕೂತೆ. ತಕ್ಷಣ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಿತು. ಆಗ ನನ್ನ ತಲೆಗೆ ಹೊಳೆಯಿತು. ಮೂರು ವಾರ ನಾನು ಆ ಮರಿಗೆ ಕಲಿಸಿದ್ದು ಕಾರಿನ ಪಾಠವಲ್ಲ, ಹಿಂದಿನ ಸೀಟಿನಲ್ಲಿ ಮೇಷ್ಟ್ರು ಇರಬೇಕು ಎಂಬ ಪಾಠ. ಶಾರದೆ ಕೈ ಚಾಚಿದಳು. ನಾನು ಕೀ ಕೊಟ್ಟೆ.

ಅವಳು ಚೆನ್ನಾಗಿಯೇ ಓಡಿಸುತ್ತಾಳೆ. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಊರು ದಾಟುವವರೆಗೆ ನಾನು ಹುಬ್ಬುಗಂಟಿಕ್ಕಿ ರಸ್ತೆಯನ್ನೇ ನೋಡುತ್ತಿದ್ದೆ. ಶೆಟ್ಟಿಹಳ್ಳಿಗೆ ತಿರುಗುವ ದಾರಿ ಬರುವ ಹೊತ್ತಿಗೆ ಬಾಯಲ್ಲಿ ನೀರೂರತೊಡಗಿತು. ಸೀಟಿನ ಜೇಬಿನಲ್ಲಿ ಕೈಯಾಡಿಸಿದೆ. ಹಳೆಯ ನಿಂಬೆಹಣ್ಣು ಒಣಗಿ ಗೋಲಿಯಂತಾಗಿ ಅಲ್ಲೇ ಇತ್ತು. ಮೆಲ್ಲಗೆ ಮೂಗಿಗೆ ಹಿಡಿದೆ. ಕನ್ನಡಿಯಲ್ಲಿ ಶಾರದೆಯ ಕಣ್ಣು ಕಾಣಿಸಿತು.

"ರೀ, ಅದು ನಾಯಿಗಲ್ವಾ ತಂದಿದ್ದು?"

ಉತ್ತರ ಕೊಡಲು ಬಾಯಿ ತೆರೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವಳು ಬದಿಗೆ ನಿಲ್ಲಿಸಿದಳು. ನಾನು ರಸ್ತೆಯಂಚಿನಲ್ಲಿ ಬಗ್ಗಿ ನಿಂತಿದ್ದಾಗ, ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಕಾರಿನೊಳಗೆ ಇಣುಕಿ, "ಯಾಕವ್ವಾ, ನಾಯ್ಮರಿಗೆ ಕಾರ್ ಆಗಾಕಿಲ್ವಾ?" ಎಂದು ಕೇಳಿದಳು.

"ಮರಿ ಚೆನ್ನಾಗೈತೆ ಕಣಕ್ಕ. ನಮ್ಮೆಜಮಾನ್ರಿಗೇ ಆಗಲ್ವಂತೆ. ಇಪ್ಪತ್ತೆರಡು ವರ್ಷ ಆದ್ಮೇಲೆ ಈಗ ಗೊತ್ತಾಯ್ತು."

ನೀರಿನ ಬಾಟಲಿ ಕೊಡುವಾಗ ಶಾರದೆಯ ಕಣ್ಣು ತುಂಬಿತ್ತು, ನಕ್ಕಿದ್ದಕ್ಕೋ, ಇನ್ನೇನಕ್ಕೋ. "ಇದಕ್ಕಾ ಒಂದು ವರ್ಷದಿಂದ ಕೀ ಕೊಡದೆ ಸತಾಯಿಸಿದ್ದು? ನನ್ನ ಡ್ರೈವಿಂಗ್ ನೋಡಿ ಹೆದರ್ತೀರಿ ಅಂತ ನಾನು ಎಷ್ಟು ನೊಂದ್ಕೊಂಡಿದ್ದೀನಿ ಗೊತ್ತಾ?" ಎಂದಳು. ತಪ್ಪಾಯಿತು ಎಂದೆ. ಮದುವೆಯಾದ ಮೇಲೆ ಮನಸ್ಸಿಟ್ಟು ಹೇಳಿದ ತಪ್ಪಾಯಿತುಗಳಲ್ಲಿ ಅದೇ ಮೊದಲನೆಯದಿರಬೇಕು. ಉಳಿದ ದಾರಿಯಲ್ಲಿ ಇನ್ನೊಂದು ಸಲ ನಿಲ್ಲಿಸಬೇಕಾಯಿತು. ರಾಗಿ ಗೊರಕೆ ಹೊಡೆಯುತ್ತಿತ್ತು.

ನಾವು ಅರಕಲಗೂಡು ಮುಟ್ಟಿ ಐದು ನಿಮಿಷದಲ್ಲಿ ವಿಷಯ ಅತ್ತೆಯ ಕಿವಿ ಸೇರಿತು. ನೂರಾರು ನೆಂಟರು ಪಂಕ್ತಿಗೆ ಕೂರುವ ಹೊತ್ತಿಗೆ ಅವರು ಶಾಮಿಯಾನದ ನಡುವೆ ನಿಂತು, ಬಡಿಸುವವರಿಗೆ ಕೇಳಲೆಂದು ಗಟ್ಟಿಯಾಗಿ ಕೂಗಿದರು: "ಲೇ ಮಂಜ, ಅಳಿಯಂದ್ರ ಎಲೆ ಇಲ್ಲಾಕ್ಬ್ಯಾಡ ಕಣ್ಲಾ. ಕಾರೊಳ್ಗೇ ಆಕು!"

ಅತ್ತೆಯ ಮಾತನ್ನು ಮೀರಿ ಅಭ್ಯಾಸವಿಲ್ಲ. ಹಿಂದಿನ ಸೀಟಿನಲ್ಲಿ ಎಲೆ ಹರಡಿಕೊಂಡು, ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಕೂತೆ. ರಾಗಿ ಹೊರಗೆ ಮಕ್ಕಳ ಜೊತೆ ಕುಣಿಯುತ್ತಿತ್ತು. ಗುರುತಿಲ್ಲದ ಹಿರಿಯರೊಬ್ಬರು ಕೈತೊಳೆಯಲು ಹೋಗುತ್ತಿದ್ದವರು ಕಾರಿನ ಬಳಿ ನಿಂತು, ಗ್ಲಾಸು ತಟ್ಟಿ ಕೇಳಿದರು:

"ಎಲ್ಲಿಗ್ ಒಂಟ್ರಿ ಸಾ?"

"ಎಲ್ಲಿಗೂ ಇಲ್ಲ" ಎಂದೆ. "ಅಭ್ಯಾಸ ಮಾಡಿಸ್ತಾ ಇದ್ದಾರೆ."