ಪೂಜೆಯಾದ ಗಾಲಿಕುರ್ಚಿಯ ಮೇಲೆ ಯಾರೂ ಕೂರದಿರುವ ಬಗ್ಗೆ

ಸಾಧನ ಸಲಕರಣೆ ಸೇವಾ ಕಚೇರಿ, ಬಂಗಾರಪೇಟೆ
ಸಂಖ್ಯೆ: ಸಾಸಸೇ/ಗಾಕು/ಆಯುಧಪೂಜೆ/೭

ವಿಷಯ: ಅಂಗವಿಕಲರ ಸಲಕರಣೆ ಸೇವೆಯ ಸುಧಾರಣೆ.
ಉಲ್ಲೇಖ: ಬೂದಿಕೋಟೆಯ ಶ್ರೀಮತಿ ಮುತ್ಯಾಲಮ್ಮ ಅವರ ಫೋನ್ ಕರೆ.

ಈ ದಿನ ಬೆಳಗ್ಗೆ ರೈಲ್ವೆ ಗೇಟೂ ಕಾಣದಷ್ಟು ಮಂಜು ಕವಿದಿದ್ದು, ದೈವಚಿತ್ತವಿರುವ ತನಕ ಅದು ಹಾಗೆಯೇ ಇರತಕ್ಕದ್ದು.

ಮುತ್ಯಾಲಮ್ಮ ಅವರು ಬ್ರೇಕ್ ರಿಪೇರಿಗೆ ಬಿಟ್ಟುಹೋದ ಗಾಲಿಕುರ್ಚಿಯು ಆಯುಧಪೂಜೆಯಂದು ಜೀಪು, ಜೆರಾಕ್ಸ್ ಯಂತ್ರಗಳ ಸಾಲಿನಲ್ಲಿ ನಿಂತಿದ್ದ ಕಾರಣ, ಅದಕ್ಕೂ ವಿಭೂತಿ, ಕುಂಕುಮ, ಹಾರ ಸಂದಿರುತ್ತವೆ. ಅಂದಿನಿಂದ ಸಿಬ್ಬಂದಿ ಅದಕ್ಕೆ ಕೈಮುಗಿದೇ ಒಳಗೆ ಬರುತ್ತಿದ್ದಾರೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

೧. ಸದರಿ ಕುರ್ಚಿಯನ್ನು ಇನ್ನು ಮುಂದೆ ‘ಪೀಠ’ ಎನ್ನತಕ್ಕದ್ದು. ಅದರ ಮೇಲೆ, ಅದರ ಒಡತಿಯೂ ಸೇರಿ, ಯಾರೂ ಕೂರತಕ್ಕದ್ದಲ್ಲ.

೨. ಸಾಹೇಬರ ಜೀಪಿಗೂ ಪೂಜೆಯಾಗಿದೆ. ಆದರೆ ಸಾಹೇಬರು ಕೂರುವುದು ಸರ್ಕಾರಿ ಕೆಲಸಕ್ಕಾದ್ದರಿಂದ ದೋಷವಿಲ್ಲ.

೩. ಕುರ್ಚಿ ವಾಪಸ್ ಬೇಕಾದವರು ಪೀಠಕ್ಕೆ ಮೂರು ಸುತ್ತು ಬರತಕ್ಕದ್ದು. ನಡೆಯಲಾಗದವರು ವಿನಾಯಿತಿ ಕೋರಿ ಮಹಡಿ ಹತ್ತಿ ಬಂದು ಅರ್ಜಿ ಕೊಡಬಹುದು.

೪. ಶ್ರವಣಯಂತ್ರ ರಿಪೇರಿಗೆ ಕೊಟ್ಟವರನ್ನು ಹೆಸರು ಕೂಗಿ ಕರೆಯಲಾಗುವುದು. ಓಗೊಡದವರ ಅರ್ಜಿ ವಜಾ.

೫. ಊರಿಗಾಂನ ಮೆಕ್ಯಾನಿಕ್ ಮುನಿಶಾಮಿ ಅವರು ಸ್ನಾನ ಮಾಡಿಯೇ ಸ್ಪ್ಯಾನರ್ ಮುಟ್ಟತಕ್ಕದ್ದು. “ಬ್ರೇಕು ಆವತ್ತೇ ಸರಿ ಮಾಡ್ದೆ ಸಾರ್, ಈಗ ಆಪೀಸೇ ನಿಂತೋಗೈತೆ” ಎಂಬ ಅವರ ಮಾತನ್ನು ಕಾಮಗಾರಿ ಪೂರ್ಣಗೊಂಡ ವರದಿಯೆಂದು ಸ್ವೀಕರಿಸಲಾಗಿದೆ.

೬. “ದ್ಯಾವ್ರು ಎಲ್ ಬೇಕಾದ್ರೂ ಕುಂತ್ಕಂತಾನೆ ಸಾಮಿ. ನಂಗೆ ಕೂರಾಕೆ ಅದೊಂದೇಯ. ಡೈರಿಗೆ ಆಲು ಆಕಾಕೆ ಎಂಗ್ ಓಗ್ಲಿ? ಅಸಾ ಕರ್ದಿದ್ದು ಮನೇಲೇ ಒಡ್ದೋಗ್ತೈತೆ” ಎಂದು ಮುತ್ಯಾಲಮ್ಮ ಅವರು ಫೋನಿನಲ್ಲಿ ಹೇಳಿರುತ್ತಾರೆ. ಮೊದಲ ವಾಕ್ಯವು ಭಕ್ತಿಪೂರ್ಣವಾಗಿರುವುದರಿಂದ ಶ್ಲಾಘಿಸಲಾಗಿದೆ. ಉಳಿದದ್ದು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.

(ಸಹಿ)
ಅಧಿಕಾರಿಗಳ ಪರವಾಗಿ
(ಅಧಿಕಾರಿಗಳು ಜೀಪಿನಲ್ಲಿದ್ದಾರೆ)

ಪ್ರತಿಗಳು:
೧. ಎಲ್ಲ ಶಾಖೆಗಳಿಗೆ, ಭಕ್ತಿಯಿಂದ ಪಾಲಿಸಲು.
೨. ಜೀಪಿನ ಚಾಲಕರಿಗೆ, ತಮಗೆ ಅನ್ವಯಿಸುವುದಿಲ್ಲವೆಂಬ ಮಾಹಿತಿಗಾಗಿ.
೩. ಶ್ರೀಮತಿ ಮುತ್ಯಾಲಮ್ಮ ಅವರಿಗೆ, ಜವಾನ ಪೆರುಮಾಳ್ ಅವರ ಮೂಲಕ ಮುದ್ದಾಂ.
೪. ಕಚೇರಿ ಕಡತಕ್ಕೆ.

ಷರಾ: ಮೂರನೆಯ ಪ್ರತಿ ಒಯ್ಯಲು ಹೊರಟ ಪೆರುಮಾಳ್ ಅವರು ಪೀಠದ ಹಾರ ತೆಗೆದು ಸಾಹೇಬರ ಕುರ್ಚಿಗೆ ಹಾಕಿ, ಕುಂಕುಮ ಒರೆಸಿ, ಪ್ರತಿಯನ್ನು ಗಾಲಿಕುರ್ಚಿಯ ಮೇಲಿಟ್ಟು, ಮಂಜಿನಲ್ಲಿ ಬೂದಿಕೋಟೆ ಬಸ್ಸಿನತ್ತ ತಳ್ಳಿಕೊಂಡು ಹೋಗಿರುತ್ತಾರೆ. ಮುತ್ಯಾಲಮ್ಮ ಅವರ ಬಾಗಿಲಲ್ಲಿ ಅದನ್ನು ನಿಲ್ಲಿಸಿ, ಬ್ರೇಕ್ ಹಾಕಿ, ಪ್ರತಿಗೆ ಸ್ವೀಕೃತಿ ಪಡೆದು ಹಿಂದಿರುಗಿರುತ್ತಾರೆ. ಸ್ವೀಕೃತಿಯ ಸಹಿ ಇರಬೇಕಾದ ಜಾಗದಲ್ಲಿ ಹಾಲಿನ ಕಲೆ ಇದೆ.